ಹಳದಿ ಚೀಟಿ ಮತ್ತು ಹನ್ನೊಂದು ಬಕೆಟ್ ಕಲ್ಲು

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ಪೂರ್ವ ಒರೆಗಾನಿನ ಜುನಿಪರ್ ಫ್ಲ್ಯಾಟ್ ಎಂಬ ಊರಿನಲ್ಲಿ ಮುಂದಿನ ತಲೆಮಾರುಗಳು ನೆನಪಿಡಲೇಬೇಕಾದ ಒಂದು ಘಟನೆ ನಡೆಯಿತು. ವೆಂಡೆಲ್ ಹಾಸ್ಕಿನ್ಸ್ ತನ್ನ ಪಿಕಪ್ಪಿನ ಬಾಗಿಲು ತೆರೆದು, ಚೌಕಟ್ಟಿನ ಒಳಬದಿಗೆ ಅಂಟಿಸಿದ್ದ ಅಂಗೈಯಗಲದ ಹಳದಿ ಚೀಟಿಯನ್ನು ಓದಿದ. ಘಟನೆಗೆ ಸಾಕ್ಷಿಯಾಗಿ ಪಕ್ಕದ ಮನೆಯ ಲೈಲ್ ಬ್ರಾಕ್ ಮತ್ತು ಗ್ರೇವಿ ಎಂಬ ನಾಯಿ ಹಾಜರಿದ್ದರು. ಚೀಟಿಯಲ್ಲಿ ಬರೆದದ್ದು ಇಷ್ಟು: ಈ ವಾಹನದಲ್ಲಿ ಕೂರುವ ಜನ ಮತ್ತು ಹೇರುವ ಸಾಮಾನು, ಎರಡೂ ಸೇರಿ 1,382 ಪೌಂಡು ಮೀರಕೂಡದು.

ಪಿಕಪ್ಪು ಕೊಂಡು ಆಗಲೇ ಆರು ವರ್ಷವಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ದೊಡ್ಡದು ಮಾಡಬೇಕಿರಲಿಲ್ಲ. ಆದರೆ ವೆಂಡೆಲ್ ಇಪ್ಪತ್ತೇಳು ವರ್ಷ ಹೆದ್ದಾರಿಯ ತೂಕದ ಠಾಣೆಯಲ್ಲಿ ಕೆಲಸ ಮಾಡಿದವನು. ಲಾರಿಗಳು ಒಂದರ ಹಿಂದೊಂದು ಬಂದು ವೇಬ್ರಿಡ್ಜಿನ ಮೇಲೆ ನಿಲ್ಲುತ್ತಿದ್ದವು. ಅವನು ಗಾಜಿನ ಕೋಣೆಯೊಳಗೆ ಕೂತು ಅಂಕಿ ನೋಡುತ್ತಿದ್ದ. ಸರಿಯಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು. ಚಾಲಕರು ಕೆಳಗಿಳಿದು ಬಂದು ಹೆಂಡತಿಯ ಹೆರಿಗೆ, ಚಕ್ರಕ್ಕೆ ಮೆತ್ತಿದ ಹಿಮ, ಕೊಳೆಯುತ್ತಿರುವ ಈರುಳ್ಳಿ ಎಂದೆಲ್ಲ ತೋಡಿಕೊಂಡರೆ ಅವನದು ಒಂದೇ ಮಾತು: "ನಾನೇನೂ ಹೇಳ್ತಿಲ್ಲಪ್ಪ, ಅಂಕಿ ಹೇಳ್ತಾ ಇದೆ." ಲಾರಿಯವರು ಗಾಡಿಯಿಂದ ಗಾಡಿಗೆ ಮಾತಾಡುವ ತಮ್ಮ ರೇಡಿಯೋದಲ್ಲಿ ಅವನಿಗೆ ಔನ್ಸ್, ಅಂದರೆ ಪೌಂಡಿನ ಹದಿನಾರನೆಯ ಪಾಲು, ಎಂದು ಹೆಸರಿಟ್ಟಿದ್ದರು. 'ಇವತ್ತು ಔನ್ಸ್ ಕೂತಿದಾನೆ, ಬರೋ ಮುಂಚೆ ಮೂಗು ಸೀನಿ ಬನ್ನಿ' ಎಂದು ಹಿಂದಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದರು.

ಈ ಮಾತು ವೆಂಡೆಲನ ಕಿವಿಗೂ ಬಿದ್ದಿತ್ತು. ಅವನಿಗೆ ಅದರಿಂದ ಒಳಗೊಳಗೆ ಖುಷಿಯೇ. ಖುಷಿ ಕೊಡದೆ ಇದ್ದದ್ದು ಆ ಕೋಣೆ. ನಾಲ್ಕೂ ಕಡೆ ಗಾಜು, ನಡುವೆ ಒಂದು ಕುರ್ಚಿ, ಬೇಸಿಗೆಯಲ್ಲಿ ಬಾಣಲೆ, ಚಳಿಗಾಲದಲ್ಲಿ ಮಂಜಿನ ಪೆಟ್ಟಿಗೆ. ಎದುರಿನ ರಸ್ತೆ ಎರಡೂ ದಿಕ್ಕಿಗೆ ಹೋಗುತ್ತಿತ್ತು. ಅದರ ಪಕ್ಕದಲ್ಲಿದ್ದವರಲ್ಲಿ ಎಲ್ಲಿಗೂ ಹೋಗದವನು ಅವನೊಬ್ಬನೇ. ಮೇ ತಿಂಗಳಲ್ಲಿ ನಿವೃತ್ತನಾದ ದಿನ ಹೆಂಡತಿ ಗ್ಲೆಂಡಾಗೆ ಹೇಳಿದ್ದ: "ಇನ್ನೊಂದ್ಸಲ ಆ ಕುರ್ಚೀಲಿ ನಾನೇನಾದ್ರೂ ಕೂತೆ ಅಂದ್ರೆ, ಕುರ್ಚಿ ಸಮೇತ ಹೂತುಬಿಡು." ಜೂನ್‌ನಲ್ಲಿ ಇಪ್ಪತ್ತಾರು ಅಡಿಯ ಟ್ರೇಲರ್ ಕೊಂಡ. ಅದರಲ್ಲಿ ಮಲಗುವ ಕೋಣೆ, ಅಡುಗೆಮನೆ, ನಿಂತು ಸ್ನಾನ ಮಾಡುವಷ್ಟು ಬಚ್ಚಲು ಎಲ್ಲ ಇತ್ತು. ಅದನ್ನು ಪಿಕಪ್ಪಿಗೆ ಕಟ್ಟಿಕೊಂಡು ಹೋಗುವುದೊಂದೇ ಅವನ ಮುಂದಿನ ಬದುಕಿನ ಯೋಜನೆ. ಠಾಣೆಯ ಮೇಲಧಿಕಾರಿ ಮಾರ್ಲಾ ಪೆಟಿಟ್ ಮಾತ್ರ ವಾರಕ್ಕೊಮ್ಮೆ ಫೋನಿನಲ್ಲಿ ಸಂದೇಶ ಬಿಡುತ್ತಿದ್ದಳು: ನಿನ್ನ ಜಾಗಕ್ಕೆ ಯಾರೂ ಸಿಗ್ತಿಲ್ಲ, ಎರಡೇ ವರ್ಷ ಬಾ. ವೆಂಡೆಲ್ ಅದನ್ನು 'ಎರಡೇ' ಎನ್ನುವಲ್ಲಿಗೆ ಅಳಿಸಿಹಾಕುತ್ತಿದ್ದ.

ಚೀಟಿಯ ವಿಷಯ ಎಬ್ಬಿಸಿದ್ದು ಲೈಲ್. ಟ್ರೇಲರ್ ಇರುವ ಕಡೆ ಒಂದು ರೂಢಿಯಿದೆ. ಯಾರೇ ಗಂಡಸು ಇನ್ನೊಬ್ಬನ ಗಾಡಿಗೆ ಟ್ರೇಲರ್ ಕಟ್ಟಿದ್ದು ಕಂಡರೆ ಹತ್ತಿರ ಬಂದು, ಮಾತಾಡದೆ ಕುಕ್ಕರಗಾಲಲ್ಲಿ ಕೂತು, ಕೊಂಡಿಯನ್ನು ಎರಡು ನಿಮಿಷ ನೋಡಬೇಕು. ಆಮೇಲೆ ಎದ್ದು ಮೊಣಕಾಲು ಒರೆಸಿಕೊಳ್ಳಬೇಕು. ಅಭಿಪ್ರಾಯ ಅದಾದ ಮೇಲೆ. ಆರು ವರ್ಷದಲ್ಲಿ ನಾಲ್ಕು ಟ್ರಕ್ಕು ಬದಲಾಯಿಸಿದ್ದ ಲೈಲ್ ಈ ವಿಧಿಯಲ್ಲಿ ಹಿರಿಯ. ಅಂದು ಅವನು ಕೂತ, ನೋಡಿದ, ಎದ್ದ, ಒರೆಸಿಕೊಂಡ.

"ನಿನ್ನ ಗಾಡಿ ಹಿಂದುಗಡೆ ಕೂತ್ಬಿಟ್ಟಿದೆ ಕಣಯ್ಯ. ಕಾರ್ಪೆಟ್ ಮೇಲೆ ಕುಂಡೆ ಉಜ್ಜೋ ನಾಯಿ ಥರ."

"ಒಂಬತ್ತು ಸಾವಿರ ಪೌಂಡು ಎಳೆಯತ್ತೆ ಅಂತ ಪುಸ್ತಕದಲ್ಲಿದೆ," ಎಂದ ವೆಂಡೆಲ್.

"ಎಳೆಯತ್ತೆ, ಯಾರು ಇಲ್ಲ ಅಂದ್ರು? ಹೊರತ್ತಾ ಅದು? ಎಳೆಯೋದು ಬೇರೆ ಹೊರೋದು ಬೇರೆ ಮಾರಾಯ. ಟ್ರೇಲರ್ ಮೂತಿ ಗಾಳಿ ಮೇಲೆ ಕೂತಿಲ್ಲ, ನಿನ್ನ ಪಿಕಪ್ ಬೆನ್ನ ಮೇಲೆ ಕೂತಿದೆ. ಅದೂ ಸಾಮಾನೇ. ನೀನೂ ಸಾಮಾನೇ. ಗ್ಲೆಂಡಾನೂ..." ಎಂದವನು ಮನೆಯ ಕಿಟಕಿಯ ಕಡೆ ನೋಡಿ ನಿಲ್ಲಿಸಿದ. "ಬಾಗಿಲ ಚೀಟಿ ಓದಿದೀಯ ತಾನೆ?"

ವೆಂಡೆಲ್ ಬಾಗಿಲು ತೆರೆದು ಬಗ್ಗಿದ. ಲೈಲನ ಮುಖದಲ್ಲಿ ಹಬ್ಬದ ಕಳೆ ಬಂತು.

"ಅಯ್ಯೋ ದೇವರೇ. ಔನ್ಸ್ ಹಾಸ್ಕಿನ್ಸ್ ಚೀಟಿ ಓದಿಲ್ಲ. ಯಾರಿಗಾದ್ರೂ ಹೇಳಲೇಬೇಕು ನಾನು ಇದನ್ನ."

*

ಠಾಣೆ ಮುಚ್ಚಿದ ದಿನವೂ ವೇಬ್ರಿಡ್ಜಿನ ಅಂಕಿಫಲಕವನ್ನು ಆರಿಸುವುದಿಲ್ಲ. ಯಾರು ಬೇಕಾದರೂ ತಮ್ಮ ಗಾಡಿಯನ್ನು ತಾವೇ ತೂಗಿಕೊಂಡು ಹೋಗಲಿ ಎಂದು ಬಿಟ್ಟಿರುತ್ತಾರೆ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಬದಲು ವೆಂಡೆಲ್ ಟ್ರೇಲರ್ ಕಟ್ಟಿ, ಜನವರಿಯಲ್ಲಿ ಅರಿಜೋನಾದ ಸಂತೆಗೆ ಹೊರಟಾಗ ಏನೇನು ಹೇರುತ್ತಾರೋ ಅದನ್ನೆಲ್ಲ ಹೇರಿ, ನಾಯಿಯನ್ನೂ ಗ್ಲೆಂಡಾಳನ್ನೂ ಕೂರಿಸಿಕೊಂಡು ಅಲ್ಲಿಗೆ ಹೋದ. ಕೋಣೆಯ ಗಾಜಿನೊಳಗೆ ಅವನ ಕುರ್ಚಿ ಕಾಣುತ್ತಿತ್ತು. ಅವನು ಆ ಕಡೆ ನೋಡದ ಹಾಗೆ ಗಾಡಿ ನಿಲ್ಲಿಸಿದ.

ಗ್ಲೆಂಡಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಾತು ಕಡಿಮೆ, ಕನ್ನಡಿ ನೋಡುವುದು ಜಾಸ್ತಿ. ಟ್ರೇಲರನ್ನು ಹಿಂದಕ್ಕೆ ಹಾಕಿ ಸಂದಿಯಲ್ಲಿ ನಿಲ್ಲಿಸುವ ಕೆಲಸ ಬಂದರೆ ಗಂಡ ಕೆಳಗಿಳಿದು ಕೈ ಬೀಸುತ್ತಿದ್ದ, ಅವಳು ಅದನ್ನು ಗಮನಿಸದೆ ಸರಿಯಾಗಿ ನಿಲ್ಲಿಸುತ್ತಿದ್ದಳು.

"ಒಂದ್ನಿಮಿಷ ಕೆಳಗಿಳೀತೀಯ?" ಎಂದ ವೆಂಡೆಲ್. "ಜನ ಇಲ್ದೆ ಎಷ್ಟು ಅಂತ ನೋಡ್ಬೇಕು."

ಅವಳು ಇಳಿಯಲಿಲ್ಲ. "ಆ ಫಲಕ ಎಷ್ಟೆಷ್ಟಕ್ಕೆ ಓಡತ್ತೆ?"

"ಇಪ್ಪತ್ತಿಪ್ಪತ್ತು ಪೌಂಡಿಗೆ."

"ನೀನು ಆ ಕಡೆ ತಿರುಗು ಹಾಗಾದ್ರೆ."

ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಆ ಒಂದು ಅಂಕಿಯನ್ನು ಅವರು ಹಂಚಿಕೊಂಡಿರಲಿಲ್ಲ. ವೆಂಡೆಲ್ ಬೆಟ್ಟದ ಕಡೆ ತಿರುಗಿದ. ಬಾಗಿಲು ತೆರೆದ ಸದ್ದು, ಜಲ್ಲಿಯ ಮೇಲೆ ಹೆಜ್ಜೆ.

"ನೋಡಿದ್ಯಾ?"

"ಇಲ್ಲ."

"ನೋಡಿದೀಯ. ಕಿವಿ ಕೆಂಪಾಗಿದೆ."

"ಚಳಿಗೆ ಕಣೇ."

ಅವನು ಗಾಲಿಗಳ ಅಚ್ಚು ಒಂದೊಂದನ್ನೇ ನಿಲ್ಲಿಸಿ ತೂಗಿದ, ಟ್ರೇಲರ್ ಬಿಚ್ಚಿ ತೂಗಿದ, ಮತ್ತೆ ಕಟ್ಟಿ ತೂಗಿದ. ಹಳೆಯ ಅಭ್ಯಾಸ, ಕೈ ತಾನೇ ಬರೆದುಕೊಳ್ಳುತ್ತಿತ್ತು. ಕೊನೆಗೆ ಪಿಕಪ್ಪು ಹೊರಬೇಕಾದದ್ದಕ್ಕಿಂತ ಮುನ್ನೂರ ನಲವತ್ತು ಪೌಂಡು ಹೆಚ್ಚು ಹೊತ್ತಿತ್ತು. ವೆಂಡೆಲ್ ಬೋನೆಟ್ಟಿಗೆ ಒರಗಿ ಆ ಅಂಕಿಯನ್ನು ನೋಡಿದ. ಜೀವಮಾನದಲ್ಲಿ ಅವನು ಎಷ್ಟೋ ಅಂಕಿ ನೋಡಿದ್ದ, ಆದರೆ ಅವೆಲ್ಲ ಬೇರೆಯವರವು.

"ಮುಂದಿನ ಖಾನೇಲಿ ಏನಿದೆ?" ಎಂದು ಕೇಳಿದ. ಟ್ರೇಲರಿನ ಮೂತಿಯ ಬಳಿ, ಕೊಂಡಿಗೆ ಅಂಟಿಕೊಂಡಂತೆ, ಅಡ್ಡಡ್ಡ ಒಂದು ಖಾನೆಯಿದೆ. ಅಲ್ಲಿಟ್ಟದ್ದರ ಮುಕ್ಕಾಲು ಭಾರ ನೇರ ಪಿಕಪ್ಪಿನ ಬೆನ್ನಿಗೇ ಬೀಳುತ್ತದೆ.

"ಕಲ್ಲು," ಎಂದಳು ಗ್ಲೆಂಡಾ.

"ಎಷ್ಟು?"

"ಸ್ವಲ್ಪ."

ಅವನು ಖಾನೆ ತೆರೆದ. ಮುಚ್ಚಳ ಹಾಕಿದ ಬಿಳಿ ಬಕೆಟುಗಳು ಸೈನಿಕರ ಹಾಗೆ ನಿಂತಿದ್ದವು. ಹನ್ನೊಂದು.

*

ಜುನಿಪರ್ ಫ್ಲ್ಯಾಟಿನ ಸುತ್ತಮುತ್ತ ಗುಡುಗುಮೊಟ್ಟೆ ಎಂದು ಕರೆಯುವ ಕಲ್ಲು ಸಿಗುತ್ತದೆ. ಹೊರಗೆ ಸುಟ್ಟ ಆಲೂಗಡ್ಡೆಯಂತಿರುತ್ತದೆ, ವಜ್ರದ ಗರಗಸದಲ್ಲಿ ಸೀಳಿದರೆ ಒಳಗೆ ನೀಲಿ, ಕೆಂಪು, ಹಾಲಿನ ಬಣ್ಣ. ಗ್ಲೆಂಡಾ ಅವುಗಳನ್ನು ಅಗೆದು, ಸೀಳಿ, ತಿಕ್ಕಿ ಹೊಳಪು ಕೊಡುತ್ತಿದ್ದಳು. ಅರಿಜೋನಾದ ಮರುಭೂಮಿಯಲ್ಲಿ ಪ್ರತಿ ಜನವರಿಯಲ್ಲಿ ಕಲ್ಲಿನವರೆಲ್ಲ ಕೂಡುವ ದೊಡ್ಡ ಸಂತೆಯೊಂದು ನಡೆಯುತ್ತದೆ. ಅಲ್ಲಿ ಒಂದು ಮೇಜು ಸಿಗಲು ಅವಳು ಒಂಬತ್ತು ವರ್ಷ ಸರದಿಯಲ್ಲಿ ಕಾದಿದ್ದಳು. ಈ ಸಲ ಸಿಕ್ಕಿತ್ತು. ಎರಡು ವಾರದ ಮಟ್ಟಿಗೆ, ಎಂಟು ಅಡಿಯ ಮೇಜು. ಆ ಕಾಗದವನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಆ ಬಗ್ಗೆ ಅವಳು ಊರಿನಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ಆದರೆ ಹಾಲು ತೆಗೆಯಲು ಫ್ರಿಜ್ಜು ತೆರೆದಾಗೆಲ್ಲ ಮುಚ್ಚುವುದು ತಡವಾಗುತ್ತಿತ್ತು.

ವೆಂಡೆಲ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಮೂರು ಸಂಜೆ ಕೂತ. ಕಲ್ಲುಗಳನ್ನು ಟ್ರೇಲರಿನ ಹಿಂಭಾಗಕ್ಕೆ ಸರಿಸಿದರೆ? ಬಾಲ ಭಾರವಾದ ಟ್ರೇಲರ್ ಇಳಿಜಾರಿನಲ್ಲಿ ಬಾಲ ಆಡಿಸುತ್ತದೆ, ಆಮೇಲೆ ಪಿಕಪ್ಪನ್ನೂ ಸೇರಿಸಿ ಆಡಿಸುತ್ತದೆ. ಅಂಥ ಮೂರು ಗಾಡಿಗಳನ್ನು ಅವನು ಹಳ್ಳದಲ್ಲಿ ನೋಡಿದ್ದ. ನಡುವೆ, ಗಾಲಿಗಳ ಮೇಲಕ್ಕೆ ಇಟ್ಟರೆ? ಟ್ರೇಲರಿಗೂ ತನ್ನದೇ ಆದ ಒಂದು ಚೀಟಿ ಇತ್ತು, ಅದೂ ತುಂಬಿತ್ತು. ಪಿಕಪ್ಪಿನ ಹಿಂದಿನ ತೊಟ್ಟಿಗೆ ಹಾಕಿದರೆ ಹಳದಿ ಚೀಟಿ ಅದನ್ನು ಪೂರ್ತಿ ಲೆಕ್ಕ ಹಿಡಿಯುತ್ತದೆ. ಕಾಗದದ ಮೇಲೆ ನೀರಿನ ಟ್ಯಾಂಕು ಖಾಲಿ ಮಾಡಿದ. ಹಂಡೆಯಂಥ ಕಬ್ಬಿಣದ ಬಾಣಲೆ ತೆಗೆದ. ತನ್ನ ಸಲಕರಣೆಯ ಪೆಟ್ಟಿಗೆ ತೆಗೆದ. ನಾಯಿಯನ್ನು ಕುಳಿತಲ್ಲೇ ದಿಟ್ಟಿಸಿ ನೋಡಿದ. ಗ್ರೇವಿ ಎದ್ದು ಬೇರೆ ಕೋಣೆಗೆ ಹೋಯಿತು.

ಎಷ್ಟು ತೆಗೆದರೂ ಇನ್ನೂರು ಪೌಂಡು ಉಳಿಯುತ್ತಿತ್ತು. ಉಳಿದದ್ದರ ಹೆಸರು ಕಲ್ಲು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಶಬ್ದ ಎತ್ತುತ್ತಿರಲಿಲ್ಲ.

"ಬೇಸಿಗೆಯಲ್ಲಿ ಮೂರು ಸಲ ಹೋಗಿ ಬಂದ್ವಲ್ಲ," ಎಂದಳು ಗ್ಲೆಂಡಾ ನಾಲ್ಕನೆಯ ಸಂಜೆ, ಮಾಂಸ ಆಲೂಗಡ್ಡೆ ಬಡಿಸುತ್ತ. "ಏನೂ ಆಗ್ಲಿಲ್ಲ."

"ಆಗ ನಂಗೆ ಗೊತ್ತಿರ್ಲಿಲ್ಲ."

"ಗಾಡಿಗೆ ಗೊತ್ತಿತ್ತಲ್ಲ."

"ಆ ಅಂಕಿ ನೋಡಿದ ಮೇಲೆ ಹೋಗೋದು ಹ್ಯಾಗೆ ಗ್ಲೆಂಡಾ? ಎಷ್ಟು ಜನರ ರಜ ಹಾಳು ಮಾಡಿದೀನಿ ನಾನು, ಇದಕ್ಕಿಂತ ಕಮ್ಮಿ ಅಂಕಿಗೆ."

"ಅವರು ದೊಡ್ಡ ಲಾರಿಯವರು. ನಮ್ಮಂಥೋರು ಠಾಣೆ ಒಳಗೆ ಬರಬೇಕು ಅಂತಾನೇ ಇಲ್ಲ. ನೀನೇ ಹೇಳಿದ್ದು."

"ಕಾನೂನಿಗೆ ಬೇಕಿಲ್ಲ, ನಿಜ," ಎಂದ ವೆಂಡೆಲ್. ಆಮೇಲೆ ಆಲೂಗಡ್ಡೆಯನ್ನು ನಾಲ್ಕು ಭಾಗ ಮಾಡಿದ.

ಉಳಿದದ್ದು ಟ್ರಕ್ಕು. ದೊಡ್ಡದೊಂದು ಟ್ರಕ್ಕು ಕೊಂಡರೆ ಎಲ್ಲವೂ ಬಗೆಹರಿಯುತ್ತಿತ್ತು. ಆದರೆ ಅವನ ಪಿಂಚಣಿ ಟ್ರೇಲರಿನ ಕಂತಿಗೆ ಮುಗಿಯುತ್ತಿತ್ತು. ದೊಡ್ಡ ಟ್ರಕ್ಕೆಂದರೆ ಮಾರ್ಲಾಗೆ ಫೋನು, ಫೋನೆಂದರೆ ಆ ಕುರ್ಚಿ. ಅವನು ಎಲ್ಲಿಂದ ಯೋಚನೆ ಶುರುಮಾಡಿದರೂ ಗಾಜಿನ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದ.

*

"ಬರೀ ನೋಡ್ಕೊಂಡು ಬರೋಣ," ಎಂದ ಲೈಲ್. ಈ ಪ್ರಪಂಚದಲ್ಲಿ ಮಾರಾಟವಾದ ಟ್ರಕ್ಕುಗಳಲ್ಲಿ ಹೆಚ್ಚಿನವು ಈ ಮಾತಿನಿಂದ ಮಾರಾಟವಾದವೇ.

ಅಂಗಡಿಯವನು ಮೊದಲು ತೋರಿಸಿದ್ದು ಕಡುಗಪ್ಪು ಡೀಸೆಲ್ ಟ್ರಕ್ಕು. ಚರ್ಮದ ಆಸನ, ಬೆನ್ನಿಗೆ ತಂಪು ಗಾಳಿ ಬಿಡುವ ಏರ್ಪಾಡು, ಮೇಲೆ ತೆರೆಯುವ ಗಾಜಿನ ಛಾವಣಿ. ಲೈಲ್ ಒಳಗೆ ಕೂತು ಕಣ್ಣು ಮುಚ್ಚಿದ. ವೆಂಡೆಲ್ ಕೂರಲಿಲ್ಲ. ಬಾಗಿಲು ತೆರೆದು ಚೌಕಟ್ಟಿನ ಹಳದಿ ಚೀಟಿ ಓದಿದ.

"ಇದು ನನ್ನ ಹಳೇ ಗಾಡಿಗಿಂತ ನೂರಾ ಎಂಬತ್ತು ಪೌಂಡು ಹೆಚ್ಚು ಹೊರತ್ತೆ, ಅಷ್ಟೇ," ಎಂದ.

"ಎಳೆಯೋದು ಹದಿನೆಂಟು ಸಾವಿರ ಸರ್," ಎಂದ ಅಂಗಡಿಯವನು.

"ಹೊರೋದು ಕೇಳಿದೆ ನಾನು. ಡೀಸೆಲ್ ಎಂಜಿನ್ನೇ ಮಣಭಾರ. ಈ ಚರ್ಮ, ಈ ಗಾಜು, ಎಲ್ಲ ಸೇರಿ ಟ್ರಕ್ಕು ತನ್ನನ್ನೇ ಹೊತ್ಕೊಂಡು ಸುಸ್ತಾಗಿದೆ."

ಅವನು ಸಾಲಿನುದ್ದಕ್ಕೂ ನಡೆದು ಒಂದೊಂದೇ ಬಾಗಿಲು ತೆರೆದು ಚೀಟಿ ಓದಿ ಮುಚ್ಚುತ್ತ ಹೋದ. ಟ್ರಕ್ಕು ಸುಂದರವಾದಷ್ಟೂ ಅಂಕಿ ಕೆಳಗಿಳಿಯುತ್ತಿತ್ತು. ಅಂಗಡಿಯವನು ಹಿಂದೆ ಹಿಂದೆ ಬಂದವನು ಇದ್ದಕ್ಕಿದ್ದಂತೆ ನಿಂತ. ಐವತ್ತರ ಆಸುಪಾಸಿನ, ದಪ್ಪ ಕುತ್ತಿಗೆಯ ಮನುಷ್ಯ. ಅವನ ಮುಖ ನಿಧಾನಕ್ಕೆ ಅರಳಿತು.

"ನೀವು ಔನ್ಸ್ ಅಲ್ವಾ? ಮೊದ್ಲು ನಾನು ಲಾರಿ ಓಡಿಸ್ತಿದ್ದೆ. ಈರುಳ್ಳಿ ಹೊಡೀತಿದ್ದೆ. ಅರವತ್ತು ಪೌಂಡಿಗೆ ನನ್ನನ್ನ ನಾಲ್ಕು ಗಂಟೆ ನಿಲ್ಲಿಸಿದ್ರಿ."

"ಇರಬಹುದು," ಎಂದ ವೆಂಡೆಲ್.

"ಈಗ ನಿಮ್ದು ಎಷ್ಟು ಜಾಸ್ತಿ?"

ವೆಂಡೆಲ್ ಸುಳ್ಳು ಹೇಳಬಹುದಾಗಿತ್ತು. "ಮುನ್ನೂರ ನಲವತ್ತು."

ಅಂಗಡಿಯವನು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಒಳ್ಳೆಯ ಡಾಕ್ಟರರ ಹಾಗೆ ಭುಜದ ಮೇಲೆ ಕೈಯಿಟ್ಟು, ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ, ಬೇಲಿಯ ಪಕ್ಕದಲ್ಲಿ ಧೂಳು ತಿನ್ನುತ್ತಿದ್ದ ಒಂದು ಬೂದುಬಣ್ಣದ ಟ್ರಕ್ಕು ತೋರಿಸಿದ. ಬಟ್ಟೆಯ ಆಸನ, ಕೈಯಲ್ಲಿ ತಿರುಗಿಸಬೇಕಾದ ಕನ್ನಡಿ, ಪೆಟ್ರೋಲ್ ಎಂಜಿನ್. ರಸ್ತೆ ಗುತ್ತಿಗೆದಾರನೊಬ್ಬ ಹೇಳಿ ತರಿಸಿ ಆಮೇಲೆ ಬೇಡವೆಂದದ್ದು. ಚೀಟಿಯಲ್ಲಿ ಮೂರು ಸಾವಿರದ ಒಂಬೈನೂರು.

"ಇದ್ರಲ್ಲಿ ನೀವು ಕಲ್ಲೇ ಹೇರಿ," ಎಂದ ಅಂಗಡಿಯವನು, ತಮಾಷೆಗೆ.

ಲೈಲ್ ಬಂದು ಕುಕ್ಕರಗಾಲಲ್ಲಿ ಕೂತು ನೋಡಿ ಎದ್ದ. "ಪುರಸಭೆ ಕಸದ ಗಾಡಿ ಇದ್ದ ಹಾಗಿದೆ," ಎಂದ. "ಇದಕ್ಕೋಸ್ಕರ ಕೆಲಸಕ್ಕೆ ವಾಪಸ್ ಹೋಗ್ತೀಯ? ಹೋಗೋದಾದ್ರೆ ಆ ಕಪ್ಪು ಟ್ರಕ್ಕಿಗೆ ಹೋಗು, ಒಂದು ಮರ್ಯಾದೆ ಆದ್ರೂ ಇರತ್ತೆ."

ವೆಂಡೆಲ್ ತಿಂಗಳಿಗೆ ಎಷ್ಟು ಬೀಳುತ್ತದೆಂದು ಕೇಳಿದ. ಕೇಳಿ, ಯೋಚಿಸುತ್ತೇನೆ ಎಂದು ಹೇಳಿ ಮನೆಗೆ ಬಂದ.

*

ಮನೆಯ ಮುಂದೆ ಟ್ರೇಲರಿನ ಖಾನೆ ತೆರೆದಿತ್ತು. ಗ್ಲೆಂಡಾ ಬಕೆಟುಗಳನ್ನು ಒಂದೊಂದಾಗಿ ಇಳಿಸಿ ಗ್ಯಾರೇಜಿನ ಗೋಡೆಯುದ್ದ ಸಾಲಾಗಿ ಇಡುತ್ತಿದ್ದಳು. ಏಳು ಮುಗಿದಿತ್ತು.

"ಏನ್ಮಾಡ್ತಿದೀಯ?"

"ಎರಡೇ ಬಕೆಟ್ ತಗೊಂಡು ಹೋಗ್ತೀನಿ. ಸಾಕು."

"ಎಂಟಡಿ ಮೇಜಿಗೆ ಎರಡು ಬಕೆಟ್ಟಾ?"

"ಕೆಳಗೆ ಚೆಂದದ್ದೊಂದು ಬಟ್ಟೆ ಹಾಸಿ ದೂರ ದೂರ ಇಡ್ತೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತ್ಯಾಗವೂ ಇರಲಿಲ್ಲ. ಇದ್ದಿದ್ದರೆ ವೆಂಡೆಲನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಬಸ್ಸಿನಲ್ಲಿ ಮಕ್ಕಳು ಕಿರುಚಾಡುವಾಗಲೂ ಅವಳದು ಇದೇ ದನಿ.

ಅವನು ಬಕೆಟುಗಳ ಮುಚ್ಚಳ ನೋಡಿದ. ಪ್ರತಿಯೊಂದರ ಮೇಲೂ ಕಪ್ಪು ಶಾಯಿಯಲ್ಲಿ ಜಾಗದ ಹೆಸರು, ತಿಂಗಳು, ವರ್ಷ. ತೂಕದ ಠಾಣೆಯವನಿಗೆ ತಾರೀಖುಗಳು ಮರೆಯುವುದಿಲ್ಲ. ಹೆದ್ದಾರಿ ರಿಪೇರಿ ನಡೆದು ಅವನು ಎರಡು ಪಾಳಿ ಕೂತ ವರ್ಷ. ಕ್ರಿಸ್‌ಮಸ್ಸಿಗೂ ಮನೆಗೆ ಬಾರದಿದ್ದ ವರ್ಷ. ಅವಳ ತಾಯಿ ತೀರಿಕೊಂಡ ವಸಂತ, ಅವನು ಎರಡೇ ದಿನ ರಜೆ ಸಿಕ್ಕಿತೆಂದು ಮೂರನೆಯ ದಿನ ಹೊರಟುಹೋದದ್ದು.

"ಇವೆಲ್ಲ ಒಬ್ಬಳೇ ಅಗೆದದ್ದಾ?"

"ಇನ್ಯಾರ ಜೊತೆ ಅಗೀಲಿ? ನೀನು ಕೆಲಸದಲ್ಲಿದ್ದೆ." ಅವಳು ಎಂಟನೆಯ ಬಕೆಟ್ಟಿಗೆ ಕೈಹಾಕಿದಳು. "ಆ ಕಡೆ ಹಿಡಿ, ಸೊಂಟ ಹೋಗ್ತಿದೆ."

ವೆಂಡೆಲ್ ಹಿಡಿಯಲಿಲ್ಲ. "ವಾಪಸ್ ಇಡು."

"ಎಲ್ಲಿಗೆ?"

"ಎಲ್ಲಿತ್ತೋ ಅಲ್ಲಿಗೆ. ಎಲ್ಲ. ಆ ಚೀಟಿ ವಕೀಲರಿಗೋಸ್ಕರ ಅಂಟಿಸಿರೋದು. ಊರಿನಲ್ಲಿ ಯಾರೂ ನೋಡಲ್ಲ, ನಾವೊಬ್ಬರೇ ಯಾಕೆ ನೋಡಬೇಕು?"

ಗ್ಲೆಂಡಾ ಗಂಡನನ್ನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವ ಹಾಗೆ ನೋಡಿದಳು. "ನೀನು ಹೀಗಂದೆ ಅಂತ ನಾನು ಯಾರಿಗೂ ಹೇಳಲ್ಲ," ಎಂದಳು.

*

ನವೆಂಬರಿನ ಮೊದಲ ವಾರ, ಪರೀಕ್ಷೆಗೆಂದು, ಅಣೆಕಟ್ಟಿನ ಹಿನ್ನೀರಿನ ತನಕ ಹೋಗಿ ಒಂದು ರಾತ್ರಿ ಇದ್ದು ಬರುವುದೆಂದಾಯಿತು. ಹನ್ನೊಂದೂ ಬಕೆಟು ಖಾನೆಯಲ್ಲಿದ್ದವು. ಬಿಸಿಲು ಚೆನ್ನಾಗಿತ್ತು. ಫ್ಲಾಸ್ಕಿನಲ್ಲಿ ಕಾಫಿ ಇತ್ತು. ಗ್ರೇವಿ ಇಬ್ಬರ ನಡುವೆ ಕೂತು ರಸ್ತೆಯನ್ನು ನೋಡುತ್ತಿತ್ತು.

ಮೊದಲ ಹತ್ತು ಮೈಲಿ ವೆಂಡೆಲ್ ಮಾತಾಡುತ್ತ ಬಂದ. ಆಮೇಲೆ ನಿಲ್ಲಿಸಿದ. ಗಾಡಿಯ ಮೂತಿ ತುಸು ಮೇಲಕ್ಕೆದ್ದಂತೆ ಅವನಿಗೆ ತೋರುತ್ತಿತ್ತು. ಸ್ಟಿಯರಿಂಗು ಹಗುರವಾಗಿತ್ತು, ಹಗುರವಾಗಿದೆಯೆಂದು ಅನಿಸುತ್ತಿತ್ತು, ಎರಡರಲ್ಲಿ ಯಾವುದೆಂದು ತಿಳಿಯುತ್ತಿರಲಿಲ್ಲ. ಲಾರಿಯೊಂದು ಎದುರಿನಿಂದ ಹಾದುಹೋದರೆ ಟ್ರೇಲರ್ ಕೆಮ್ಮಿದ ಹಾಗೆ ಅಲುಗುತ್ತಿತ್ತು. ಹಿಂದೆ ಮುನ್ನೂರ ನಲವತ್ತು ಪೌಂಡು ಕೂತಿರುವುದು, ಕುತ್ತಿಗೆಯ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ, ಅವನಿಗೆ ಗೊತ್ತಾಗುತ್ತಿತ್ತು.

"ನಾನು ಓಡಿಸ್ಲಾ?" ಎಂದಳು ಗ್ಲೆಂಡಾ.

"ಬೇಡ."

"ಉಸಿರಾಡು ಹಾಗಾದ್ರೆ."

ಮುಂದಿನ ತಿರುವಿನಲ್ಲಿ ಠಾಣೆಯ ಫಲಕ ಕಂಡಿತು. ತೆರೆದಿದೆ, ಎಂದು ದೀಪ ಮಿನುಗುತ್ತಿತ್ತು. ದೊಡ್ಡ ಲಾರಿಗಳು ಬಲಕ್ಕೆ, ಉಳಿದವರು ನೇರ. ಪಿಕಪ್ಪು, ಕಾರು, ಟ್ರೇಲರ್ ಕಟ್ಟಿದ ಕುಟುಂಬ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ವೆಂಡೆಲ್ ಬಲಗಡೆಯ ಇಂಡಿಕೇಟರ್ ಹಾಕಿದ.

"ವೆಂಡೆಲ್," ಎಂದಳು ಗ್ಲೆಂಡಾ. "ನೇರ."

ಅವನು ಒಳಗೆ ತಿರುಗಿಸಿದ. ಜಾನುವಾರು ತುಂಬಿದ ಲಾರಿಯೊಂದರ ಹಿಂದೆ ಸರದಿಯಲ್ಲಿ ನಿಂತ. ಅವನ ಹಿಂದೆ ಮರದ ದಿಮ್ಮಿಯ ಲಾರಿ ಬಂದು ನಿಂತಿತು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಹಸಿರು ದೀಪ ಬಂತು, ಜಾನುವಾರು ಹೋದವು, ವೆಂಡೆಲ್ ವೇಬ್ರಿಡ್ಜಿನ ಮೇಲೆ ಬಂದು ನಿಂತ. ಗಾಜಿನಾಚೆ ಮಾರ್ಲಾ ಸ್ವತಃ ಅವನ ಕುರ್ಚಿಯಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ತಿನ್ನುವುದು ನಿಲ್ಲಿಸಿ ಮೈಕಿನ ಗುಂಡಿ ಒತ್ತಿದಳು.

"ವೆಂಡೆಲ್. ನೀನು ಒಳಗೆ ಬರಬೇಕಿಲ್ಲ."

ವೆಂಡೆಲ್ ಕಿಟಕಿ ಇಳಿಸಿದ. "ಗೊತ್ತು."

"ಗೊತ್ತಿದ್ದೂ ಯಾಕೆ ಬಂದೆ?"

ಮಾರ್ಲಾ ಕೆಳಗೆ ಅಂಕಿಯನ್ನು ನೋಡಿದಳು. ನೋಡುವ ಅಭ್ಯಾಸ ಅವಳಿಗೂ ಇತ್ತು. "ನನ್ನ ಕಡೆಯಿಂದ ಏನೂ ತಕರಾರಿಲ್ಲ. ರಸ್ತೆಗೆ ನೀನು ನೊಣದ ಸಮ. ಹೋಗು."

ಹಸಿರು ದೀಪ ಹೊತ್ತಿತು. ವೆಂಡೆಲ್ ಕದಲಲಿಲ್ಲ. ಹಿಂದಿನ ಲಾರಿಯವನು ಒಂದು ಸಲ ಹಾರ್ನ್ ಹೊಡೆದ, ಆಮೇಲೆ ಗಾಡಿಯ ರೇಡಿಯೋದಲ್ಲಿ ಯಾರಿಗೋ ಏನನ್ನೋ ಹೇಳತೊಡಗಿದ್ದು ಕನ್ನಡಿಯಲ್ಲಿ ಕಂಡಿತು.

"ಹಸಿರು ಕಣೋ," ಎಂದಳು ಗ್ಲೆಂಡಾ ಮೆಲ್ಲಗೆ. "ನಿಂಗೆ ಹಸಿರು ಕೊಟ್ಟಿದಾಳೆ."

"ಅವಳು ಚೀಟಿ ನೋಡಿಲ್ಲ."

"ಚೀಟಿ ನೋಡಿದವನು ನೀನೊಬ್ಬನೇ."

"ಅದೇ," ಎಂದ ವೆಂಡೆಲ್. ಈ ಸಲ ಅವನ ದನಿ ಸಣ್ಣದಾಗಿತ್ತು. ಅವನಿಗೆ ಇಡೀ ವಿಷಯ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಂಪು ದೀಪ ಹಾಕುವವರಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು, ಹೆಂಡತಿಯ ಹೆರಿಗೆ, ಈರುಳ್ಳಿ, ಏನಾದರೂ ಹೇಳಬಹುದಿತ್ತು. ಇಲ್ಲಿ ರಸ್ತೆ ಹೋಗು ಎನ್ನುತ್ತಿತ್ತು, ಕಾನೂನು ಹೋಗು ಎನ್ನುತ್ತಿತ್ತು, ಮಾರ್ಲಾ ಸ್ಯಾಂಡ್‌ವಿಚ್ ಹಿಡಿದ ಕೈಯಲ್ಲೇ ಹೋಗು ಎಂದು ಬೀಸುತ್ತಿದ್ದಳು. ಬಕೆಟು ಇಳಿಸಿ ಬಿಡು ಎಂದರೆ ಹೆಂಡತಿ ಇಳಿಸುತ್ತಾಳೆ, ಒಂದು ಮಾತೂ ಆಡದೆ ಇಳಿಸುತ್ತಾಳೆ. ಎಂಟು ಅಡಿಯ ಮೇಜಿನ ಮೇಲೆ ದೂರ ದೂರ ಇಟ್ಟ ಕಲ್ಲುಗಳ ಹಿಂದೆ ಎರಡು ವಾರ ಕೂರುತ್ತಾಳೆ. ಅದನ್ನು ಪಕ್ಕದಲ್ಲಿ ಕೂತು ನೋಡುವುದು ಗಾಜಿನಾಚೆಯ ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಕಷ್ಟವೇ? ಅವನು ಎರಡನ್ನೂ ಮನಸ್ಸಿನಲ್ಲಿ ತೂಗಿ ನೋಡಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕಿಟಕಿಯಿಂದ ತಲೆ ಹೊರಹಾಕಿದ. "ಮಾರ್ಲಾ. ಆ ಕೆಲಸ ಇನ್ನೂ ಖಾಲಿ ಇದೆಯಾ?"

ಸ್ಪೀಕರಿನಲ್ಲಿ ಕಾಗದ ಮಡಿಸಿದ ಸದ್ದು. "ಈ ಕುರ್ಚೀಲಿ ನಾನು ಕೂತಿದೀನಿ ಅಂದ್ರೆ ಏನರ್ಥ ಅಂತೀಯ? ಸೋಮವಾರದಿಂದ ಬಾ. ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಆಮೇಲೆ ಕೂಗಾಡಬೇಡ. ನಿವೃತ್ತಿ ಆಗಿ ವಾಪಸ್ ಬಂದೋರು ಹೊಸಬರ ಲೆಕ್ಕ. ಮೊದಲ ಆರು ತಿಂಗಳು ರಜ ಇಲ್ಲ."

"ಜನವರೀಲಿ ಎರಡು ವಾರ ಬೇಕಾಗತ್ತಲ್ಲ."

"ನಾನೇನೂ ಹೇಳ್ತಿಲ್ಲಪ್ಪ," ಎಂದಳು ಮಾರ್ಲಾ, "ನಿಯಮ ಹೇಳ್ತಾ ಇದೆ."

ವೆಂಡೆಲ್ ಗ್ಲೆಂಡಾಳ ಕಡೆ ತಿರುಗಿದ. ಅವಳು ನಾಯಿಯ ಕಿವಿ ತುರಿಸುತ್ತ ಮುಂದಿನ ಗಾಜಿನಲ್ಲಿ ನೋಡುತ್ತಿದ್ದಳು. ಬೇಡ ಎಂದು ಅವಳು ಹೇಳುತ್ತಾಳೇನೋ ಎಂದು ಅವನು ಕಾದ. ಅವಳು ಹೇಳುವುದಕ್ಕೆ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ದಿಮ್ಮಿಯ ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು.

"ಜಾಗ ಖಾಲಿ ಮಾಡು ವೆಂಡೆಲ್," ಎಂದಿತು ಸ್ಪೀಕರು. "ಜನ ಕಾಯ್ತಿದಾರೆ."

ಸೋಮವಾರ ಬೆಳಿಗ್ಗೆ ಆರಕ್ಕೆ ವೆಂಡೆಲ್ ಗಾಜಿನ ಕೋಣೆಯಲ್ಲಿ ಕುಳಿತ. ಅದೇ ವಾರ ಬೂದುಬಣ್ಣದ ಟ್ರಕ್ಕು ಮನೆಗೆ ಬಂತು. ಜನವರಿ ಹದಿನಾಲ್ಕರಂದು ಗ್ಲೆಂಡಾ ಅದಕ್ಕೆ ಟ್ರೇಲರ್ ಕಟ್ಟಿ, ಹನ್ನೊಂದು ಬಕೆಟು ಕಲ್ಲನ್ನೂ ನಾಯಿಯನ್ನೂ ಹತ್ತಿಸಿಕೊಂಡು, ತಾನೇ ಓಡಿಸಿಕೊಂಡು ಅರಿಜೋನಾಕ್ಕೆ ಹೋದಳು. ವೆಂಡೆಲನಿಗೆ ರಜೆ ಇರಲಿಲ್ಲ.